ಬ್ರಹ್ಮಪುರದ ಬಾಡಿಗಿ ಮನಿ, ಸಾಹೇಬರ ಕಟ್ಟಿ

ಹಂಗಲ್ಲ ಮಗಾ, ಮನಿ ನೋಡ್ಲಾಕ ಬ್ಯಾಸಗ್ಯಾಗ ಹೋಗಬಾರ್ದು. ನೀ ಈಗ ಸೂಪರ್ ಮಾರ್ಕೆಟ್ ಹಿಂದ ಮನಿ ತಗೊಂಡು ಬಾಡಿಗಿಗಿ ಬಿಡ್ತೇನಿ ಅಂತಿ, ಛಲೋನೇ ಅದ, ನಾ ಬ್ಯಾಡ ಅನ್ನಂಗಿಲ್ಲ. ಖರೇ ನಿಮ್ಮ ಮುತ್ಯಾನೂ ಹಿಂಗೇ ಒಂದ್ ಮನಿ ತಗೊಂಡಿದ್ರು ನೋಡು, ನಿಜಾಮನ ರಾಜ್ಯ ಇದ್ದಾಗ, ಇದೇ ಊರಿನ ಬ್ರಹ್ಮಪುರ ಓಣ್ಯಾಗ. ನಾವಾಗ ಕಮಲಾಪುರದಾಗ ಇದ್ವಿ, ಕೆಂಪ ಬಾಳಿ ತ್ವಾಟ ಇತ್ತು. ಅದರಾಗ ಅರ್ಧಾ ಮಾರಿ ಮನಿ ತಗೊಂಡ್ರು. ನಮ್ಮತ್ತಿ ಒಂದ್ ವಾರ, ಅಲ್ಲಲ್ಲ, ಭಾಳ ದಿನಾ ಮಗನ ಜೋಡಿ ಮಾತೇ ಬಿಟ್ಟಿದ್ಳು. ಇವರಿಗಿ ಮಾತ್ರ ಖುಷಿನೇ ಖುಷಿ. ಉರಿಬಿಸಿಲಾಗ ಮನಿ ನೋಡ್ಲಾಕ ಹೋಗಿದ್ರಂತ, ಒಳಗ ಕಾಲಿಟ್ರ ನೆಲಾ ತಣ್ಣಗಿತ್ತಂತ, ಮುಂದ ಬೇವಿನ ಗಿಡ, ಗ್ವಾಡಿಗಿ ಮೊಳಕಾಲ ತನಾ ಹೊಸಾ ಸುಣ್ಣ. ಮೊಳಕಾಲ ತನಾನೇ ಯಾಕ ಸುಣ್ಣ ಬಡದಾರ, ನೆಲಾ ಯಾಕ ತಣ್ಣಗದ, ಒಂದ್ ಮಾತು ಕೇಳ್ಬೇಕಿಲ್ಲೋ? ಕೇಳ್ಲಿಲ್ಲ. ಮಾರಿದಾಂವ ನಕ್ಕೋತ ಕೀಲಿ ಕೊಟ್ಟು ಹೋದ.

ಒಬ್ಬ ಸಾಲಿ ಮಾಸ್ತರು ಹೆಂಡ್ತಿ ಮಕ್ಕಳ ಜೋಡಿ ಬಾಡಿಗಿಗಿ ಬಂದ್ರು. ಭಾಳ ಸಂಭಾವಿತ ಮನುಷ್ಯಾ. ಮಿರಗಾ ಮಳಿ ಹೂಡಿತು, ದೊಡ್ಡ ಮಳಿ ಬಂತು. ಮ್ಯಾಲಿನ ಓಣಿ ನೀರೆಲ್ಲಾ ಮುಂಚಿ ಬಾಗಲದಾಗ ಬಂದು ಹಿತ್ತಲ ಬಾಗಲದಾಗ ಹ್ವಾದವಂತ. ಜ್ವಾಳದ ಹಿಟ್ಟಿನ ಡಬ್ಬಿ ತೇಲ್ಕೋತ ಹೋಗಿ ಹಿತ್ತಲದಾಗ ನಿಂತಿತ್ತಂತ. ಮಾಸ್ತರು ಕಮಲಾಪುರ ತನಾ ಬಂದು, ಕೈ ಮುಗದು, ಭಾಳ ಮೆತ್ತಗ ಹೇಳಿದ್ರು, “ಗೌಡ್ರೆ, ಮನಿಗಿ ಬಾಡಿಗಿ ಕೊಡ್ತೇನಿ. ಹಳ್ಳಕ್ಕ ಹ್ಯಾಂಗ ಕೊಡ್ಲಿ?” ನಿಮ್ಮ ಮುತ್ಯಾನ ಮಾರಿ ಸಣ್ಣದಾಯ್ತು. ಕೀಲಿ ಕೊಟ್ಟು ಮಾಸ್ತರು ಹೋಗಿಬಿಟ್ರು, ಆಮ್ಯಾಲ ಆ ಮನಿಗಿ ಯಾರೂ ಹಾಯಲಿಲ್ಲ. ನಮ್ಮತ್ತಿ ಅಂತೂ ಬಂದವ್ರ ಮುಂದೆಲ್ಲಾ ನಮ್ಮ ಮಗ ಹಳ್ಳಾ ಖರೀದಿ ಮಾಡ್ಯಾನ ಅಂತ ಹೇಳ್ಕೋತ ತಿರುಗಿದ್ಳು.

ನೀರು ಯಾಕ ಒಳಗ ಬರ್ತದ ಅಂತ ನೋಡಿದ್ರ, ಮ್ಯಾಲಿನ ಬಾಜೂ ಮನಿ ಸಾಹೇಬರು ಹಳೇ ಮೋರಿ ಮ್ಯಾಲೇ ಕಲ್ಲಿನ ಕಟ್ಟಿ ಕಟ್ಟಿಸಿದ್ರು. ನೌಕರಿ ಮುಗಿಸಿ ಮನ್ಯಾಗಿದ್ದ ದೊಡ್ಡ ಮನುಷ್ಯಾ, ಸಂಜಿಗಿ ಗೆಳ್ಯಾರ ಜೋಡಿ ಅಲ್ಲೇ ಕೂಡೂದು, ಹುಕ್ಕಾ, ಹರಟಿ. ಇವರು ಹೋಗಿ ಕೇಳಿದ್ರ, ನೀರು ಇಳಕಲಿಗಿ ಹರೀತದ, ನಾ ಏನ್ ಮಾಡ್ಲಿ ಅಂದ್ರಂತ. ಇವರು ಸಿಟ್ಟಿಗೆದ್ದು ಅದಾಲತ್ತಿಗಿ ಹೋಗ್ತೇನಿ ಅಂದ್ರು. ನಾ ಅಂದೆ, ಅದಾಲತ್ತು ಮುಗಿಯೂತನ ನಮ್ಮ ಮಕ್ಕಳಿಗಿ ಮಕ್ಕಳಾಗ್ತಾವ, ಮೊದ್ಲ ನಾ ಹೋಗಿ ಆ ಮನ್ಯಾಗ ಇದ್ದು ನೋಡ್ತೇನಿ. ನಿಮ್ಮಪ್ಪ ಆಗ ಕೂಸು. ಅವನ್ನ ಬಗಲಾಗ ಇಟ್ಕೊಂಡು, ಒಂದ್ ಬುಟ್ಟಿ ಕೆಂಪ ಬಾಳಿಹಣ್ಣು ಬಂಡ್ಯಾಗ ಹಾಕ್ಕೊಂಡು ಇವರ ಜೋಡಿ ಬಂದೆ.

ಬಂದ ಮರುದಿನಾನೇ ಮಳಿ. ನೀರು ಹೊಸ್ತಲಾ ದಾಟಿ ಬಂದ್ವು. ನಾ ಕೂಸಿನ್ನ ಎತ್ಕೊಂಡು ಹೊರಸಿನ ಮ್ಯಾಲ ಕುಂತೆ, ಇವರು ಕೈಯಾಗ ಬಾರಿಗಿ ಹಿಡ್ಕೊಂಡು ಹೊಳಿ ತಿರುಗಸವ್ರಂಗ ನಿಂತಾರ. ನಗೂ ಬರ್ಲಾಕತ್ತಿತ್ತು, ಅಳೂನೂ ಬರ್ಲಾಕತ್ತಿತ್ತು. ಅಷ್ಟರಾಗ ಬಾಜೂ ಗ್ವಾಡಿ ಆಚಿಂದ ಒಬ್ಬ ಹೆಣಮಗಳು ಕೂಗಿದ್ಳು, ಕೂಸು ನೆನದೀತು, ಈ ಕಡಿ ಬಾ ಅಂತ. ಸಾಹೇಬರ ಬೀಬಿ. ಹೋದೆ. ಕೂಸಿಗಿ ಬಿಸಿ ಹಾಲು ಕುಡಿಸಿದ್ಳು. ಮರುದಿನಾ ನಾ ಬಾಳಿಹಣ್ಣು ತಗೊಂಡು ಹೋದೆ, ಮತ್ತ ಆಕಿ ಬಂದ್ಳು, ಮತ್ತ ನಾ ಹೋದೆ. ಹಿಂಗೇ ಮಾತಾಡ್ಕೋತ ಕಟ್ಟಿ ಸುದ್ದಿ ಬಂತು. ಬೀಬಿ ಹಣಿ ಹಣಿ ಬಡ್ಕೊಂಡ್ಳು. “ಆ ಕಟ್ಟಿ ಆದಾಗಿಂದ ನಮ್ಮ ಒಲಿ ಮ್ಯಾಲಿಂದ ಚಹಾದ ಭಾಂಡಿ ಇಳದಿಲ್ಲ, ಬಾಯಿ. ನೀ ಕೇಳು, ನಾ ನಿನ್ ಬಾಜೂ ಇರ್ತೇನಿ.”

ಪಡದಾದ ಹಿಂದ ಬೀಬಿ ಬಾಜೂಕ ಕುಂತು ನಾನೇ ಕೇಳಿದೆ, ಸಾಹೇಬ್ರೇ, ನೀರಿಗಿ ದಾರಿ ಬಿಡ್ರಿ ಅಂತ. ಸಾಹೇಬರು ಭಾಳ ಸಣ್ಣ ಧನಿಲೆ ಅಂದ್ರು, “ಕಟ್ಟಿ ಒಡದ್ರ ಸಂಜಿಗಿ ನಾ ಎಲ್ಲಿ ಕೂಡ್ಲಿ ಬೇಟಿ?”

ಖರೇ ಹೇಳ್ತೇನಿ, ಆಗ ನನಗ ತಿಳೀತು ನೋಡು. ಆ ಮನುಷ್ಯಾಗ ನಮ್ಮ ಜೋಡಿ ಜಗಳಾನೇ ಇರ್ಲಿಲ್ಲ. ನೌಕರಿ ಹೋಗಿತ್ತು, ಕುರ್ಚಿ ಹೋಗಿತ್ತು, ನಾಕ ಮಂದಿ ನಮಸ್ಕಾರ ಮಾಡೂ ಜಾಗಾ ಅಂದ್ರ ಅದೊಂದೇ ಉಳದಿತ್ತು. ನಾ ಅಂದೆ, ಅದೇ ಕಲ್ಲು ತಂದು ನಮ್ಮ ಬಾಗಲ ಮುಂದ, ಬೇವಿನ ನೆಳ್ಳಾಗ ಕಟ್ಟಿ ಕಟ್ಟಿಸಿ ಕೊಡ್ತೀವಿ, ನೀವು ಅಲ್ಲೇ ಕೂಡ್ರಿ. ಸಾಹೇಬರು ಚಹಾದ್ದು ಹ್ಯಾಂಗ ಅಂದ್ರು. ಬೀಬಿ ಪಟ್ನ ಹೇಳಿದ್ಳು, “ಅಲ್ಲಿ ತನಾ ತರೂದ್ರಾಗ ಆರ್ತದ. ದಿನಾ ಒಂದೇ ಸಲ ಕಳಸ್ತೇನಿ.” ನಿಮ್ಮ ಮುತ್ಯಾ ಹೊರಗ ನಿಂತು ನಕ್ಕ ನಗೂ ಒಳಗ ಕೇಳಸ್ತಿತ್ತು.

ಕಟ್ಟಿ ಬೇವಿನ ಬುಡಕ್ಕ ಬಂತು, ಮೋರಿ ಬಿಚ್ಚಿತು, ನೀರು ತನ್ನ ದಾರಿ ಹಿಡೀತು. ಮತ್ತ ನಾವು ಎಣಿಸಲಾರದ್ದು ಒಂದಾಯ್ತು ನೋಡು. ಬಾಗಲ ಮುಂದ ದಿನಾ ಸಂಜಿಗಿ ಹಿರ್ಯಾರು ಕೂಡೂದು ನೋಡಿ, ಈ ಮನ್ಯಾಗ ಹೆಂಗಸರು ಮಕ್ಕಳು ಧೈರ್ಯಲೆ ಇರಬೌದು ಅಂತ ಮಂದಿ ತಾವೇ ಕೇಳ್ಕೋತ ಬಂದ್ರು. ನಾವು ಮಾಸ್ತರಿಗೇ ಕೊಟ್ವಿ. ಅವರ ಹೆಣಮಕ್ಕಳ ಲಗ್ನಾ ಅದೇ ಮನ್ಯಾಗ ಆದ್ವು, ಸಾಹೇಬರೇ ನಿಂತು ಮಂದಿನ್ನ ಊಟಕ್ಕ ಎಬ್ಬಸ್ತಿದ್ರು. ಅದಕ್ಕ ಹೇಳ್ತೇನಿ ಮಗಾ, ಮನಿ ತಗೊಳ್ಳೂಕಿಂತ ಮೊದ್ಲ ಮಳ್ಯಾಗ ಹೋಗಿ ನಿಂತ್ಕೋ. ಮಂದಿಗಿ ಬಾಡಿಗಿ ಕೇಳೂಕಿಂತ ಮೊದ್ಲ ನೀನೇ ಅದರಾಗ ಇದ್ದು ನೋಡು. ಮತ್ತ ಬಾಜೂ ಮನ್ಯಾಕಿ ಜೋಡಿ ಮಾತಾಡ್ಲಾರದ ಕೀಲಿ ತಗೋಬ್ಯಾಡ. ಮಾರಾಂವ ಹೇಳಲಾರದ್ದು ಆಕಿ ಹೇಳ್ತಾಳ.