ಕನ್ನಡಕ್ಕಾಗಿ ಮೂರನ್ನು ಒತ್ತಿ

ಹಲೋ... ಯಾರು? ಯಾರು ಮಾತಾಡೋದು?

... ಹಾಂ, ಕೇಳಿಸ್ತೈತೆ. ಹೆಲ್ಪ್‌ಲೈನಾ? ಬೆಂಗಳೂರಿಂದ? ಶ್ರೀವಿದ್ಯಾ ಮೇಡಂ... ಅವತ್ತು ನನ್ ದೂರು ಬರ್ಕಂಡೋರು ನೀವೇ ಅಲ್ವಾ? ಗೊತ್ತಾಯ್ತು ಬಿಡಿ, ಆ ಮೆತ್ತನೆ ದನಿ ಎಂಗ್ ಮರೆಯಾಕಾಯ್ತದೆ.

... ಮಾತಾಡಬೋದು. ಇಲ್ಲೇ ಸೇಲಂ ಅತ್ರ, ನಂಗವಳ್ಳಿ ಬಸ್ ಸ್ಟಾಪಲ್ಲಿ ನಿಂತಿವ್ನಿ. ಮಿಲ್ ಬಸ್ ಬರೋಕೆ ಇನ್ನ ಐದತ್ತು ನಿಮಿಷ ಐತೆ. ಏಳಿ.

... ಏನಂದ್ರಿ? ಇನ್ನೊಂದ್ ಸಲ ಏಳಿ.

... ದೂರು ಪರಿಹಾರ ಆಗೈತಾ. ಯಾರ್ ಏಳಿದ್ದು ನಿಮ್ಗೆ? ಮಿಲ್ಲೋರಾ? ಅವ್ರ್ ಏಳಿದ್ರು, ನೀವ್ ಬರ್ಕಂಡ್ರಿ. ಚೆಂದಾಗೈತೆ.

... ಹೂಂ, ಫೋಟೋ ಕಳ್ಸವ್ರೆ, ಕವರ್ ಆಕಿರೋ ಫೋಟೋ. ಮೇಡಂ, ಆ ಕವರು ಫೋಟೋಗೇ ಆಕೋದು. ಅದನ್ನೇ ಅಲ್ವಾ ನಾನು ಅವತ್ತು ಅರ್ಧ ಗಂಟೆ ಬಡ್ಕಂಡಿದ್ದು? ಟವಲ್ ಕತ್ತರಿಸೋ ಮಿಷನ್ನಲ್ಲಿ ಬ್ಲೇಡ್ ಮೇಲೆ ಕವರ್ ಇದ್ರೆ ಕೈ ನಿಧಾನ ಆಯ್ತದೆ, ಅದಕ್ಕೇ ಬಿಚ್ಚಿ ಮೂಲೇಲಿ ಮಡಗವ್ರೆ. ಫಾರಿನ್ನಿಂದ ಆಡಿಟ್ ಬರೋ ದಿನ ಆಕ್ತಾರೆ. ಅವ್ರ್ ಕಾರು ಗೇಟ್ ದಾಟಿದ್ ಮೇಲೆ ಬಿಚ್ತಾರೆ. ನಮ್ ಜೊತೆ ಕತ್ತರಿಸೋ ಪೂಂಗೊಡಿಗೆ ಎರಡು ಬೆರಳು ಓದ್ವಲ್ಲ, ಅಂಗೇ ಓಗಿದ್ದು.

... ಮನೇಲಿ ಕುಡುಗೋಲಲ್ಲಿ ಕುಯ್ಕಂಡ್ಲು ಅಂತಾನೇ ಬರ್ದವ್ರಾ ಮಿಲ್ಲೋರು ಇನ್ನೂ? ಸೆರಿ. ಅವಳ ಮನೇಲಿ ಕುಡುಗೋಲೇ ಇಲ್ಲ ಮೇಡಂ. ಒಲ ಇದ್ರೆ ತಾನೆ ಕುಡುಗೋಲು.

... ಇಲ್ಲ, ಇಲ್ಲ, ಸಮಾಧಾನವಾಗೇ ಮಾತಾಡ್ತಿವ್ನಿ. ನಿಮ್ಮನ್ನ ಒಂದ್ ಮಾತು ಕೇಳ್ಬೇಕು. ನನ್ ದೂರನ್ನ ಮಿಲ್ಲಿಗೆ ಕಳ್ಸಿದ್ರಲ್ಲ, ಆ ಕಾಗದದಾಗೆ ಏನೇನ್ ಬರ್ದಿದ್ರಿ?

... ಎಸ್ರು ಬರೀಲಿಲ್ಲ. ಹಾಂ. ಫೋನ್ ನಂಬರ್ ಬರೀಲಿಲ್ಲ. ಹಾಂ. ಆಮೇಲೆ?

... ಯಾವ್ ಭಾಷೇಲಿ ಏಳಿದ್ರು ಅಂತ ಬರ್ದಿದ್ರಿ ಅಲ್ವಾ?

... ಫಾರಂನಲ್ಲಿ ಇರ್ತದೆ, ತುಂಬಲೇಬೇಕು. ಅಂಗಂತೀರಾ.

... ಅದ್ರಿಂದ ಏನ್ ತೊಂದ್ರೆನಾ? ಮೇಡಂ, ನಮ್ ಮಿಲ್ಲಲ್ಲಿ ಐನೂರು ಎಣ್ಣಾಳು. ನಂಗವಳ್ಳಿ, ಮೆಟ್ಟೂರು, ಎಲ್ಲಾ ಕಡೆಯಿಂದ ಬರ್ತಾರೆ. ಕಟಿಂಗ್ ಸೆಕ್ಷನ್ನಲ್ಲಿ ಕನ್ನಡದೋಳು ಅಂತ ಅವ್ರಿಗೆ ಗೊತ್ತಿರೋದು ಒಬ್ರೇ, ಮುನಿವೆಂಕಟಮ್ಮ. ಧರ್ಮಪುರಿ ಕಡೆಯೋರು, ಐವತ್ತು ದಾಟೈತೆ, ಬಾಯಿ ತೆಗೆದ್ರೆ ತಮಿಳಲ್ಲಿ ಅರ್ಧ ಕನ್ನಡನೇ ಬರ್ತದೆ. ಓದ ಶುಕ್ರವಾರ ಬೆಳಗ್ಗೆ ಆ ಅಕ್ಕನ್ನ ಗೇಟಲ್ಲೇ ನಿಲ್ಲಿಸಿದ್ರು. ಕನ್ನಡದಲ್ಲಿ ದೂರು ಓಗೈತೆ, ನೀನಲ್ದೆ ಇನ್ಯಾರು ಅಂದ್ರಂತೆ. ಕಾರ್ಡ್ ಕಿತ್ಕಂಡು ಕಳಿಸ್ಬಿಟ್ರು.

... ಅವ್ರಲ್ಲ. ಅವ್ರು ನಿಮ್ಗೆ ಫೋನೇ ಮಾಡಿಲ್ಲ. ಬಂದ ಫೋನ್ ಎತ್ತೋದೊಂದು ಬಿಟ್ರೆ ಆ ಅಕ್ಕನಿಗೆ ಏನೂ ಗೊತ್ತಿಲ್ಲ. ಮಾಡಿದ್ದು ನಾನು.

... ನಾನೂ ಕನ್ನಡದೋಳೇ. ಆ ಅಕ್ಕ ಒಬ್ರಿಗೆ ಬಿಟ್ರೆ ಮಿಲ್ಲಲ್ಲಿ ಯಾರ್ಗೂ ಗೊತ್ತಿಲ್ಲ. ಓದಿದ್ದು ತಮಿಳು, ಗಂಡನ ಅತ್ರ ಆಡೋದೂ ತಮಿಳು, ಇನ್ನ ಮಿಲ್ಲಲ್ಲಿ ಕೇಳಬೇಕಾ. ಕನ್ನಡ ಏನಿದ್ರೂ ನಮ್ಮವ್ವನ ಜೊತೆ, ಮನೆ ಒಳ್ಗೆ. ಅದಕ್ಕೇ ಅವತ್ತು ಮೂರು ಒತ್ತಿದ್ದು. ತಮಿಳಿಗೆ ಎರಡು, ಕನ್ನಡಕ್ಕೆ ಮೂರು ಅಂತ ಏಳ್ತದಲ್ಲ ನಿಮ್ ಮಿಷನ್ನು. ತಮಿಳು ಒತ್ತಿದ್ರೆ ಸೇಲಂನೋರು ಯಾರೋ ಎತ್ತಿ, ದನಿ ಗುರ್ತಿಡಿದು ಮಿಲ್ಲಿಗೆ ಏಳ್ಬಿಟ್ರೆ ಅಂತ ಎದ್ರಿಕೆ. ಕನ್ನಡದಾಗೆ ಏಳಿದ್ರೆ ಯಾರ್ಗೂ ತಿಳಿಯಾಕಿಲ್ಲ ಅಂದ್ಕಂಡೆ. ದೊಡ್ಡ ಬುದ್ಧಿವಂತೆ ನಾನು.

... ನಿಮ್ಗೆ ಬೇಜಾರಾಯ್ತು ಅಂತ ಏಳಬ್ಯಾಡಿ ಮೇಡಂ. ಬೇಜಾರು ನಂದು. ಭಾನುವಾರ ಆ ಅಕ್ಕನ ಮನೆಗೆ ಓಗಿದ್ದೆ. ಫೋನ್ ಮಾಡಿದ್ದು ನಾನು ಅಂತ ಅವ್ರಿಗೆ ಮೊದ್ಲೇ ಏಳಿದ್ದೆ. ಗೇಟಲ್ಲಿ ನಿಲ್ಲಿಸಿದಾಗ್ಲೂ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ. ಕಾಪಿ ಕೊಟ್ಟು, ‘ನೀನ್ ಇಲ್ಲಿಗೆ ಬರಬ್ಯಾಡ ಮಗಾ, ಯಾರಾದ್ರೂ ನೋಡ್ಬಿಡ್ತಾರೆ’ ಅಂದ್ರು. ಕಾಪಿ ಅಂಗೇ ಮಡಗಿ ಎದ್ದು ಬಂದೆ.

... ಅಪೀಲಾ? ಯಾರ್ಗೆ? ಅದೇ ಮಿಲ್ ಮ್ಯಾನೇಜರ್ಗಾ?

... ಮೇಡಂ, ನಿಮ್ಗೆ ಸಂಬಳ ಯಾರ್ ಕೊಡೋದು?

... ಕೋಪ ಮಾಡ್ಕಬ್ಯಾಡಿ, ತಿಳ್ಕಳೋಕೆ ಕೇಳ್ದೆ. ಟವಲ್ ಕೊಳ್ಳೋ ಆ ಫಾರಿನ್ ಕಂಪ್ನಿನೇ ಅಲ್ವಾ? ವರ್ಷ ವರ್ಷ ಟವಲ್ ರೇಟ್ ಇಳಿಸೋರೂ ಅವ್ರೇ. ರೇಟ್ ಇಳಿದ್ರೆ ಮಿಲ್ಲೋರು ಟಾರ್ಗೆಟ್ ಏರಿಸ್ತಾರೆ. ಟಾರ್ಗೆಟ್ ಏರಿದ್ರೆ ಕವರ್ ಬಿಚ್ತಾರೆ. ಬೆರಳು ಓದ್ಮೇಲೆ, ದೂರು ಇದ್ರೆ ಏಳ್ಕಳಿ ಅಂತ ಈ ಹೆಲ್ಪ್‌ಲೈನ್ ಮಡಗೋದೂ ಅವ್ರೇ. ಆಡಿಟ್ಗೆ ಬಂದಾಗ ಕವರ್ ಐತಾ ಅಂತ ಬಗ್ಗಿ ಬಗ್ಗಿ ನೋಡ್ತಾರಲ್ಲ, ನಾವ್ ಕೊಡೋ ರೇಟಲ್ಲಿ ಕವರ್ ಆಕ್ಕಂಡು ಕತ್ತರಿಸೋಕೆ ಆಯ್ತದಾ ಅಂತ ಒಬ್ರಾದ್ರೂ ಕೇಳವ್ರಾ? ಟವಲ್ ಮೂಲೇಲಿ ಒಂದ್ ಚೀಟಿ ಒಲಿತಾರೆ. ಕೆಲಸದೋರನ್ನ ಗೌರವವಾಗಿ ನಡೆಸ್ಕಂಡು ಮಾಡಿದ್ದು ಅಂತ ಅದ್ರಲ್ಲಿ ಇಂಗ್ಲಿಷಲ್ಲಿ ಐತಂತೆ. ಅವತ್ತು ಪೂಂಗೊಡಿ ಕತ್ತರಿಸಿದ ಟವಲ್ಗೂ ಅದೇ ಚೀಟಿ ಒಲಿದು ಕಳ್ಸಿದ್ರು. ರಕ್ತ ಆಗಿದ್ದನ್ನ ಮಾತ್ರ ತೆಗ್ದಿಟ್ರು.

... ಆ ಟವಲಲ್ಲಿ ಮುಖ ಒರೆಸ್ಕಳೋರ ನಂಬರ್ ಇದ್ರೆ ಕೊಡಿ. ಅವ್ರ್ ಅತ್ರ ಮಾತಾಡ್ತೀನಿ.

... ಇಲ್ವಾ. ಇರಾಕಿಲ್ಲ ಬಿಡಿ.

... ಹಾಂ? ಒಂದ್ರಿಂದ ಐದರ ಒಳ್ಗೆ ಮಾರ್ಕಾ? ಏನಕ್ಕೆ, ನಿಮ್ ಸೇವೆಗಾ? ಸೊನ್ನೆ ಇಲ್ವಾ?

... ಸೆರಿ, ಒಂದು ಆಕ್ಕಳಿ. ಆ ಒಂದೂ ಯಾಕಂದ್ರೆ, ಅವತ್ತು ನನ್ ಮಾತನ್ನ ನಡುವೆ ಬಾಯಿ ಆಕ್ದೆ ಕೇಳಿದ್ರಿ.

... ಇರಿ, ಇಡಬ್ಯಾಡಿ. ಬಸ್ ಬಂತು. ಅತ್ತೀನಿ, ಲೈನಲ್ಲೇ ಇರಿ... ಚೆಲ್ಲಮ್ಮಕ್ಕಾ, ಕೊಂಜಂ ತಳ್ಳಿ ಉಕ್ಕಾರುಂಗ...

... ಹಾಂ, ಅಕ್ಕ ಸರ್ಕಂಡ್ರು, ಕೂತ್ಕಂಡೆ. ಇಲ್ಲ, ಮೆಲ್ಲಗೆ ಮಾತಾಡಾಕಿಲ್ಲ. ಈಗ ಒಸ ದೂರು ಬರ್ಕಳಿ. ಇದ್ರಲ್ಲಿ ಎಸ್ರು ಬರೀರಿ. ಮೊದ್ಲು ದೂರು ಕೊಟ್ಟೋಳು ಮುನಿವೆಂಕಟಮ್ಮ ಅಲ್ಲ, ಭುವನಾ. ಕಟಿಂಗ್ ಸೆಕ್ಷನ್ ಭುವನಾ.

... ಯೋಚ್ನೆ ಮಾಡಿವ್ನಿ. ನಿಮ್ಗಿಂತ ಜಾಸ್ತಿ ಮಾಡಿವ್ನಿ. ಎದ್ರಿಕೆ ಇಲ್ಲ ಅಂತ ಯಾರಂದ್ರು? ಬಸ್ಸಲ್ಲಿ ಎಲ್ಲಾರೂ ನನ್ನೇ ನೋಡ್ತವ್ರೆ, ಇವ್ಳು ಯಾವಾಗ ಕನ್ನಡ ಕಲ್ತಳು ಅಂತ. ಮುಂದಿನ ಸೀಟಲ್ಲಿ ಸೂಪರ್ವೈಸರ್ ಶಿವರಾಮನ್ ಕೂತವ್ರೆ, ಅವ್ರೂ ತಿರುಗವ್ರೆ. ಏನೋ ಕೇಳ್ತವ್ರೆ, ಒಂದ್ ನಿಮಿಷ...

... ಆಮಾ ಅಣ್ಣ. ಕನ್ನಡಂ ದಾನ್. ಅನ್ನಿಕ್ಕು ಫೋನ್ ಪಣ್ಣಿನದು ನಾನ್ ದಾನ್.

... ಹಾಂ ಮೇಡಂ, ಏಳ್ಬಿಟ್ಟೆ. ಅವತ್ತು ಫೋನ್ ಮಾಡಿದ್ದು ನಾನೇ ಅಂತ ಏಳ್ಬಿಟ್ಟೆ. ಆಗ್ಲೇ ಅವ್ರು ಫೋನ್ ತೆಗ್ದು ಮಾತಾಡ್ತವ್ರೆ, ಮ್ಯಾನೇಜರ್ಗೇ ಇರ್ಬೇಕು. ನೋಡಿ, ನಿಮ್ಗೆ ವಾಪಸ್ ಫೋನ್ ಮಾಡೋಕೆ ಇಪ್ಪತ್ತು ದಿನ ಬೇಕಾಯ್ತು, ಅವ್ರಿಗೆ ಎರಡ್ ನಿಮಿಷ ಸಾಕು. ನಾನು ಗೇಟಿಗೆ ಓಗೋದ್ರೊಳ್ಗೆ ನೀವೂ ಬರ್ದಾಕಿ. ನನ್ ಕೆಲ್ಸ ಓದ್ರೆ ಓಗ್ಲಿ, ಆ ಅಕ್ಕನ್ನ ವಾಪಸ್ ಕರ್ಕಳ್ಳಿ ಅಂತ... ಹಲೋ? ಕೇಳಿಸ್ತೈತಾ? ಮೇಡಂ, ನನ್ ಎಸ್ರು ಬರ್ಕಂಡ್ರಾ? ಬರ್ಕಂಡ್ರಾ ಅಂದೆ... ಹಲೋ...