ಹೀರಾಬಾಯಿಯ ಕರಿ ಪಟ್ಟಿ

ಆಳಂದದ ಬಸ್ ನಿಲ್ದಾಣದಲ್ಲಿ ನರೋಣಾ ಮಠದ ಭಜನೆಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದ ಹೀರಾಬಾಯಿ, ಭಜನಾ ಮೇಳದ ಹಿರಿಯ ದೌಲತರಾಯ ರಿಪೇರಿ ಮಾಡಿಸಿ ತಂದ ಸಣ್ಣ ಕೀಬೋರ್ಡಿನ ಗಂಟು ಬಿಚ್ಚಿ ನೋಡಿದಳು. ಆಮೇಲಿನ ಮಾತು ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿತು.

“ಕಾಕಾ, ನಾ ಸ್ವರ ಹಿಡಿಯೋ ಕರಿ ಪಟ್ಟಿ ಎಲ್ಲಿ ಹೋತ್ರಿ?”

“ನನ್ನ ದನಿಗೆ ಕೂಡೋ ಕರಿ ಪಟ್ಟಿ ಮುರಿದಿತ್ತಲ್ಲ. ಹೊಸಾದು ಸಿಗಲಿಲ್ಲ. ರಿಪೇರಿಯವ ನಿಂದು ಕಿತ್ತು ಅಲ್ಲಿ ಕೂಡಿಸ್ಯಾನ.”

“ಮುರಿದವ್ರು ಯಾರ್ರಿ? ಹಳೇ ಹಾರ್ಮೋನಿಯಂ ಪೇಟಿ ಗುದ್ದಿದಂಗ ಇದನ್ನೂ ಗುದ್ದಿದವ್ರು ನೀವು.”

“ನೀ ಹಾಡೋದು ಒಂದ ಪದ ಬೇ. ನನ್ನ ಸ್ವರಕ್ಕ ಇಳಿದು ಹಾಡು.”

“ಇವತ್ತ ಮಠದಾಗ ಗಂಡಸಿನ ದನಿ ತೆಗೀಲೇನ್ರಿ?”

“ಬಸ್ ಬಂತು, ಹತ್ತು.”

“ನೀವು ಹತ್ರಿ. ನನ್ನ ಪಟ್ಟಿ ನನ್ನ ಜಾಗಕ್ಕ ಹಚ್ಚಿಸ್ಕೊಂಡು ಹಿಂದ ಬರೋ ಬಸ್ಸಿಗೆ ಬರ್ತೇನಿ.”

“ಮತ್ತ ನಾ ಏನ್ ಮಾಡ್ಲಿ?”

“ತಾಳ ಬಾರಸ್ರಿ.”

ಕೀಬೋರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಪೇಟೆಯ ಕಡೆ ನಡೆದಳು.