ಒಂಡೀನಾಳ ಗಂಡನ ಪಿಸುಮಾತು

ಪಾರ್ಮಾದ ಚಿತ್ರಮಂದಿರದಲ್ಲಿ ರಂಗದ ಮೇಲೆ ಹಾಡಿದ ಹಳೆಯ ಒಪೆರಾ ನಾಟಕದ ಚಿತ್ರವೊಂದರ ಟಿಕೆಟಿಗೆ ನಿಂತಿದ್ದೆ. ಮುಂದೆ ಇಬ್ಬರು ಮುದುಕಿಯರು.

"ಮತ್ತೆ ಬಂದ್ಯಾ, ಒಂಡೀನಾ? ಆ ಶೋಕಿಲಾಲ ಹುಡುಗೀನ ಮರುಳು ಮಾಡ್ತಾನೆ, ಅವಳು ವಿಷ ಕುಡೀತಾಳೆ. ಎಷ್ಟು ಸಲ ನೋಡ್ತೀಯೇ?"

"ನೋಡೋಕಲ್ಲ ಕಣೇ, ಕೇಳೋಕೆ. ರಂಗದ ಕೆಳಗೆ ಕೂತು ಗಾಯಕರಿಗೆ ಸಾಲು ಹೇಳಿಕೊಡ್ತಿದ್ದೋನು ನನ್ನ ಗಂಡ. ಗಾಯಕ ಬಾಯಿ ತೆಗೆಯೋ ಮುಂಚೆ ಇವನು 'ನೀನೇ ನನ್ನ ಪ್ರಾಣ' ಅಂತ ಪಿಸುಗುಟ್ಟಿದ್ದು ಮೈಕಿಗೆ ಸಿಕ್ಕಿದೆ."

"ಮನೇಲಿ ಹೇಳ್ತಿರಲಿಲ್ವಾ?"

"ಬದುಕಿದ್ದಷ್ಟು ದಿನ 'ಚೀಸ್ ಈ ಕಡೆ ತಳ್ಳು' ಅಂದಿದ್ದೇ ಹೆಚ್ಚು."

ಗೆಳತಿ ಗೋಡೆಯ ಪೋಸ್ಟರ್ ಓದಿದಳು. "ಒಂಡೀನಾ... ಇದು ಹೊಸ ಪ್ರತಿಯಂತೆ. ಹಾಡು ಬಿಟ್ಟು ಬೇರೆ ಗದ್ದಲ ಎಲ್ಲ ತೆಗೆದು ದನಿ ಶುದ್ಧ ಮಾಡಿದ್ದಾರಂತೆ."

"ಅವನು ಗದ್ದಲ ಮಾಡೋನೇ ಅಲ್ವಲ್ಲೇ," ಎಂದು ಒಂಡೀನಾ ಕಿಂಡಿಯತ್ತ ಬಾಗಿದಳು. "ಮೊದಲನೇ ಸಾಲಲ್ಲೇ ಕೊಡಪ್ಪ."

ಗೆಳತಿಗಾಗಿ ಕಾಯದೆ ಒಳಗೆ ನಡೆದಳು.